ಸ್ಪೀಕರ್ ಬಂತು, ಹಳೇ ಮನೆ ಬರಲಿಲ್ಲ

ಫ್ರಿಜ್ಜು, ವಾಷಿಂಗ್ ಮಷೀನು, ಟೀವಿಗಳಿಗೆ ಮನೆಯ ಹಂಗಿಲ್ಲ. ಲಾರಿಯಿಂದ ಇಳಿಸಿ ಪ್ಲಗ್ ಚುಚ್ಚಿದರೆ ಹಳೇ ಮನೆಯಲ್ಲಿ ಹೇಗೆ ನಡೆಯುತ್ತಿದ್ದವೋ ಇಲ್ಲೂ ಹಾಗೇ ನಡೆಯುತ್ತವೆ. ಕೋಣೆಕೋಣೆಗೂ ಹಾಡು ಹರಿಸುವ ಆಡಿಯೋ ವ್ಯವಸ್ಥೆ ಆ ಜಾತಿಯದಲ್ಲ. ಅದರ ಆಂಪ್ಲಿಫೈಯರು, ಸ್ಪೀಕರುಗಳು ಲಾರಿ ಹತ್ತುತ್ತವೆ, ನಿಜ. ಆದರೆ ಗೋಡೆಯೊಳಗೆ ಹೂತ ತಂತಿ, ಫಾಲ್ಸ್ ಸೀಲಿಂಗಿನ ಮೇಲಿದ್ದ ಗಾಳಿ, ಹಾಲಿನ ಉದ್ದಗಲ, ಕಿಟಕಿಯ ಪರದೆ, ಪುಸ್ತಕದ ಕಪಾಟು ಎಲ್ಲವೂ ಆ ವ್ಯವಸ್ಥೆಯ ಬಿಡಿಭಾಗಗಳೇ. ಅವು ಹಿಂದೆ ಉಳಿದುಬಿಡುತ್ತವೆ. ಹಳೇ ವ್ಯವಸ್ಥೆಯನ್ನು ಹೊಸ ಮನೆಯಲ್ಲಿ ಮತ್ತೆ ಹಾಕುತ್ತೇವೆ ಎನ್ನುವುದು ಮಾತಿಗಷ್ಟೇ. ನಿಜಕ್ಕೂ ಕಟ್ಟುವುದು ಅರ್ಧ ಹಳತು, ಅರ್ಧ ಹೊಸತಾದ ಇನ್ನೊಂದನ್ನು.

ನನ್ನ ಅಕ್ಕ-ಭಾವ ಬೆಂಗಳೂರಿನ ಫ್ಲ್ಯಾಟ್ ಮಾರಿ ಮೈಸೂರಿನಲ್ಲಿ ಎರಡಂತಸ್ತಿನ ಮನೆ ಕಟ್ಟಿದಾಗ ಇದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು. ಫ್ಲ್ಯಾಟಿನಲ್ಲಿ 2008ರ ಸುಮಾರಿಗೆ ಹಾಕಿಸಿದ್ದ ಸರಂಜಾಮು ಅದು. ಆರು ಕೋಣೆಗಳಿಗೆ ಬೇರೆಬೇರೆಯಾಗಿ ಶಬ್ದ ಕಳಿಸುವ ಭಾರವಾದ ಒಂದು ಆಂಪ್ಲಿಫೈಯರ್, ಸೀಲಿಂಗಿನಲ್ಲಿ ಕೂರಿಸುವ ದುಂಡು ಸ್ಪೀಕರುಗಳು, ಪ್ರತಿ ಕೋಣೆಯ ಗೋಡೆಯಲ್ಲೊಂದು ವಾಲ್ಯೂಮ್ ತಿರುಗಣೆ, ಒಂದು ಸಿ.ಡಿ. ಪ್ಲೇಯರು, ಇಂಟರ್ನೆಟ್ಟಿನಿಂದ ಹಾಡು ತರುವ ಒಂದು ಚಿಕ್ಕ ಪೆಟ್ಟಿಗೆ. ಬೆಳಿಗ್ಗೆ ಆರಕ್ಕೆ ಅಡುಗೆಮನೆಯಲ್ಲೂ ಹಾಲಿನಲ್ಲೂ ಒಂದೇ ಸುಪ್ರಭಾತ ಕೇಳಬೇಕು ಎಂಬುದು ಭಾವನ ಪಟ್ಟು. "ಎಲ್ಲ ಇದೆಯಲ್ಲ, ಎತ್ತಿಕೊಂಡು ಹೋಗಿ ಸಿಕ್ಕಿಸಿದರಾಯಿತು" ಎಂದಿದ್ದರು.

ಮೊದಲ ಸ್ಪೀಕರಿನ ಜಾಲರಿ ತೆಗೆದಾಗ ಕಾಗದದ ಕೋನಿನ ಅಂಚಿಗಿರುವ ಕಪ್ಪು ಫೋಮಿನ ಉಂಗುರ ನೋಡಲು ಸರಿಯಾಗೇ ಇತ್ತು. ಬೆರಳಿನ ತುದಿಯಿಂದ ಮೆಲ್ಲಗೆ ಒತ್ತಿದೆ. ಒತ್ತಿದಲ್ಲಿ ತೂತು ಬಿತ್ತು, ಬೆರಳಿಗೆ ಜಿಗುಟಾದ ಕಪ್ಪು ಪುಡಿ ಮೆತ್ತಿಕೊಂಡಿತು. ಕೋನು ಹಿಂದೆಮುಂದೆ ಸಲೀಸಾಗಿ ಆಡುತ್ತಲೇ ನಡುಮಧ್ಯದಲ್ಲಿ ನಿಂತಿರಲು ಈ ಉಂಗುರ ಬೇಕು. ಹಲವು ಕಂಪನಿಗಳು ಇದನ್ನು ಪಾಲಿಯುರಿಥೇನ್ ಫೋಮಿನಿಂದ ಮಾಡುತ್ತಿದ್ದವು. ಆ ಫೋಮಿನ ಉದ್ದುದ್ದ ಅಣುಸರಪಳಿಗಳಲ್ಲಿ ಎಸ್ಟರ್ ಕೊಂಡಿಗಳಿದ್ದರೆ ಗಾಳಿಯ ತೇವಾಂಶ ಅವನ್ನು ಒಂದೊಂದಾಗಿ ಕತ್ತರಿಸುತ್ತದೆ. ಕತ್ತರಿಸಿದಾಗ ಹುಟ್ಟುವ ಆಮ್ಲ ಮುಂದಿನ ಕೊಂಡಿಯನ್ನು ಇನ್ನೂ ಬೇಗ ಕತ್ತರಿಸುತ್ತದೆ. ಇದಕ್ಕೂ ಹಾಡು ಹಾಕಿದಿರೋ ಇಲ್ಲವೋ ಎನ್ನುವುದಕ್ಕೂ ಸಂಬಂಧವಿಲ್ಲ. ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಸ್ಪೀಕರೂ ಹದಿನೈದು ಇಪ್ಪತ್ತು ವರ್ಷದಲ್ಲಿ ಹೀಗಾಗುತ್ತದೆ. ಮಂಗಳೂರಿನ ಕಡೆಯ ಸೆಕೆಯಲ್ಲಿ ಇನ್ನೂ ಬೇಗ. ಅಂಚಿಗೆ ರಬ್ಬರಿರುವ ಸ್ಪೀಕರುಗಳಿಗೆ ಈ ರೋಗವಿಲ್ಲ.

ಹೀಗೆ ಅಂಚು ಹೋದ ಸ್ಪೀಕರನ್ನು ಗುಜರಿಗೆ ಹಾಕುವವರು ಬಹಳ ಮಂದಿ. ಅದು ದಂಡ. ಕೋನು, ಅಯಸ್ಕಾಂತ, ತಂತಿ ಸುರುಳಿ ಮೂರೂ ಗಟ್ಟಿಯಾಗಿರುತ್ತವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಲೋಕದ ಮುಂದಿಟ್ಟ ಸ್ಪೀಕರಿನ ರಚನೆ ಇವತ್ತಿಗೂ ಮೂಲದಲ್ಲಿ ಬದಲಾಗಿಲ್ಲ. ಹೊಸ ಫೋಮಿನ ಉಂಗುರ ತರಿಸಿ ಅಂಟಿಸಿದರೆ ಹಳೇ ಸ್ಪೀಕರು ಇನ್ನೊಂದು ಹದಿನೈದು ವರ್ಷ ಹಾಡುತ್ತದೆ. ಅಂಟಿಸುವಾಗ ಕೈ ಸ್ಥಿರವಾಗಿರಬೇಕು ಅಷ್ಟೆ. ಸುರುಳಿಗೂ ಅಯಸ್ಕಾಂತಕ್ಕೂ ನಡುವಿನ ಸಂದು ಮಿಲಿಮೀಟರಿಗಿಂತ ಕಡಿಮೆ. ಕೋನು ಕೂದಲೆಳೆ ಪಕ್ಕಕ್ಕೆ ಸರಿದರೂ ಸುರುಳಿ ಉಜ್ಜಿ ಕರಕರ ಎನ್ನುತ್ತದೆ.

ಆಂಪ್ಲಿಫೈಯರಿನ ಮುಪ್ಪು ಬೇರೆ ಬಗೆಯದು. ಅದರೊಳಗೆ ವಿದ್ಯುತ್ತನ್ನು ಹಿಡಿದಿಟ್ಟು ಸಮನಾಗಿ ಬಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಿರುತ್ತವೆ. ಅವುಗಳ ಒಳಗಿನ ದ್ರವ ನಿಧಾನವಾಗಿ ಆರಿಹೋಗುತ್ತದೆ. ಬಿಸಿ ಹತ್ತು ಡಿಗ್ರಿ ಇಳಿದರೆ ಆಯಸ್ಸು ಎರಡರಷ್ಟಾಗುತ್ತದೆ ಎನ್ನುವುದು ಎಂಜಿನಿಯರುಗಳ ರೂಢಿಯ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುತ್ತದೆ ಎಂದು ಬರೆದ ಕೆಪಾಸಿಟರು 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ ಆರು ಗಂಟೆ ಹಾಡು ಹಾಕುವವರಿಗೆ ಅದು ಹದಿನಾಲ್ಕು ವರ್ಷ ಚಿಲ್ಲರೆ. ಗಾಳಿಯಾಡುವ ಜಾಗದಲ್ಲಿಟ್ಟು ಒಳಗಿನ ಬಿಸಿಯನ್ನು 55ಕ್ಕೆ ಇಳಿಸಿದರೆ ಇಪ್ಪತ್ತೊಂಬತ್ತು ವರ್ಷ. ಹೊಸ ಮನೆಯಲ್ಲಿ ಆಂಪ್ಲಿಫೈಯರಿಗೆ ಮೆಟ್ಟಿಲ ಕೆಳಗಿನ ಕಪಾಟು ಗೊತ್ತಾಗಿತ್ತು, ಚಂದದ ಬಾಗಿಲಿನ ಸಮೇತ. ಬಡಗಿಗೆ ಹೇಳಿ ಆ ಬಾಗಿಲಿನ ಮೇಲೂ ಕೆಳಗೂ ಜಾಲರಿ ಕೊರೆಸಿದ್ದು ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ಲಾಭದ ಖರ್ಚು.

ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಹಳೇ ಆಂಪ್ಲಿಫೈಯರಿಗೆ ಒಮ್ಮೆಲೇ ಕರೆಂಟು ಕೊಡಬಾರದು. ನಮ್ಮ ರೇಡಿಯೋ ರಿಪೇರಿಯವರ ಬಳಿ ಇದಕ್ಕೊಂದು ಸೊಗಸಾದ ಉಪಾಯವಿದೆ, ಸೀರೀಸ್ ಬಲ್ಬು. ನೂರು ವ್ಯಾಟಿನ ಹಳೇ ಕಾಲದ ತಂತಿ ಬಲ್ಬೊಂದನ್ನು ಫೇಸ್ ತಂತಿಯ ದಾರಿಯಲ್ಲೇ ಸೇರಿಸಿ, ಅದರ ಮೂಲಕ ಆಂಪ್ಲಿಫೈಯರಿಗೆ ಕರೆಂಟು ಕೊಡುವುದು. ಒಳಗೆ ಎಲ್ಲ ಸರಿಯಿದ್ದರೆ ಬಲ್ಬು ಒಂದು ಕ್ಷಣ ಜೋರಾಗಿ ಹೊತ್ತಿ, ಕೆಪಾಸಿಟರುಗಳು ತುಂಬುತ್ತಿದ್ದಂತೆ ಮಂಕಾಗುತ್ತದೆ. ಎಲ್ಲೋ ಶಾರ್ಟ್ ಇದ್ದರೆ ಬಲ್ಬು ಹಾಗೇ ಉರಿಯುತ್ತಿರುತ್ತದೆ, ಆಂಪ್ಲಿಫೈಯರು ಸುಡುವುದಿಲ್ಲ. ಬಲ್ಬಿನ ತಂತಿ ಕಾದಷ್ಟೂ ಅದರ ರೋಧ ಏರುತ್ತದೆ ಎಂಬುದೇ ಇದರ ಗುಟ್ಟು. ಎಲ್‌ಇಡಿ ಬಲ್ಬಿನಲ್ಲಿ ಇದು ನಡೆಯದು. ಆದ್ದರಿಂದಲೇ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಕೊಳ್ಳುವ ರಿಪೇರಿಯವರು ಇನ್ನೂ ಒಂದೆರಡು ಹಳದಿ ಬಲ್ಬುಗಳನ್ನು ಬಟ್ಟೆ ಸುತ್ತಿ ಇಟ್ಟುಕೊಂಡಿರುತ್ತಾರೆ.

ಎಲ್ಲಕ್ಕಿಂತ ಬೇಗ ಸತ್ತಿದ್ದು ಎಲ್ಲಕ್ಕಿಂತ ಜಾಣ ಪೆಟ್ಟಿಗೆ. ಇಂಟರ್ನೆಟ್ಟಿನಿಂದ ಹಾಡು ತರುತ್ತಿದ್ದ ಆ ಪ್ಲೇಯರು ಹೊತ್ತಿಕೊಂಡಿತು, ಹೆಸರು ತೋರಿಸಿತು, ಆಮೇಲೆ ಎಂದೋ ಮುಚ್ಚಿಹೋದ ಸರ್ವರೊಂದನ್ನು ಹುಡುಕುತ್ತಾ ಕೂತಿತು. ಇದು ಒಂದು ಮನೆಯ ಕಥೆಯಲ್ಲ. ಕೋಣೆಕೋಣೆಯ ಸಂಗೀತಕ್ಕೆ ಹೆಸರಾದ ಸೋನೋಸ್ ಕಂಪನಿ ತನ್ನ ಮೊದಲ ತಲೆಮಾರಿನ ಕೆಲವು ಪೆಟ್ಟಿಗೆಗಳಿಗೆ ಮೇ 2020ರಿಂದ ಹೊಸ ಸಾಫ್ಟ್‌ವೇರ್ ಕೊಡುವುದಿಲ್ಲ ಎಂದು ಪ್ರಕಟಿಸಿದಾಗ ಗ್ರಾಹಕರು ರೊಚ್ಚಿಗೆದ್ದರು. ಕಂಪನಿ ಕ್ಷಮೆ ಕೇಳಿ, ಹಳತಕ್ಕೊಂದು ಹೊಸತಕ್ಕೊಂದು ಅಂತ ಆ್ಯಪನ್ನೇ ಎರಡಾಗಿ ಒಡೆಯಿತು. ಇನ್ನೊಂದು ಕಥೆಯ ಅಂತ್ಯ ಬೇರೆ. ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪನಿಯ ಸ್ಕ್ವೀಜ್‌ಬಾಕ್ಸ್ ಪ್ಲೇಯರುಗಳನ್ನು 2006ರಲ್ಲಿ ಲಾಜಿಟೆಕ್ ಕೊಂಡಿತು, 2012ರಲ್ಲಿ ತಯಾರಿ ನಿಲ್ಲಿಸಿತು, 2024ರಲ್ಲಿ ಅವುಗಳ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಆದರೂ ಆ ಪೆಟ್ಟಿಗೆಗಳು ಸಾಯಲಿಲ್ಲ. ಅವನ್ನು ನಡೆಸುವ ಸರ್ವರ್ ತಂತ್ರಾಂಶ ಮೊದಲಿನಿಂದ ಮುಕ್ತವಾಗಿತ್ತು. ಹವ್ಯಾಸಿಗಳು ಅದನ್ನು ಲಿರಿಯನ್ ಎಂಬ ಹೊಸ ಹೆಸರಿನಲ್ಲಿ ಇಂದಿಗೂ ತಿದ್ದಿ ತೀಡಿ ನಡೆಸುತ್ತಿದ್ದಾರೆ.

ಭಾವನ ಪುಣ್ಯಕ್ಕೆ ಆಂಪ್ಲಿಫೈಯರಿನ ಬೆನ್ನಿಗೆ ಕೆಂಪು-ಬಿಳಿ ಆರ್‌ಸಿಎ ತೂತುಗಳಿದ್ದವು. 1930ರ ದಶಕದಲ್ಲಿ ಹುಟ್ಟಿದ ಈ ಜೋಡಣೆಗೆ ಪಾಸ್‌ವರ್ಡ್ ಗೊತ್ತಿಲ್ಲ, ಅಪ್‌ಡೇಟ್ ಬೇಕಿಲ್ಲ. ಸತ್ತ ಪೆಟ್ಟಿಗೆಯ ಜಾಗಕ್ಕೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರೊಂದು ಬಂದು ಕೂತಿತು. ಹಳೇ ವ್ಯವಸ್ಥೆ ಕೊಳ್ಳುವವರಿಗೆ, ಉಳಿಸಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಗೋಡೆಯೊಳಗೆ ತಾಮ್ರ ಹೋಗಲಿ, ಜಾಣತನ ಕಪಾಟಿನಲ್ಲಿರಲಿ. ಐದು ವರ್ಷಕ್ಕೊಮ್ಮೆ ಹಾಳಾಗುವುದನ್ನು ಗೋಡೆಯಲ್ಲಿ ಹೂತರೆ ಐದು ವರ್ಷಕ್ಕೊಮ್ಮೆ ಗೋಡೆ ಒಡೆಯಬೇಕಾಗುತ್ತದೆ.

ತಾಮ್ರದ ಮಾತಿಗೆ ಬರೋಣ. ಫ್ಲ್ಯಾಟಿನಲ್ಲಿ ಆಂಪ್ಲಿಫೈಯರಿನಿಂದ ಅತಿ ದೂರದ ಸ್ಪೀಕರಿಗೆ ಹತ್ತು ಹನ್ನೆರಡು ಮೀಟರ್ ತಂತಿ ಸಾಕಾಗಿತ್ತು. ಹೊಸ ಮನೆಯಲ್ಲಿ ಮಹಡಿಯ ಕೋಣೆಗೆ ಕಣ್ಣಳತೆಯಲ್ಲಿ ಹದಿನೈದು ಮೀಟರ್. ಆದರೆ ಮೋಲ್ಡ್ ಹಾಕುವಾಗ ಕೂರಿಸಿದ ಪೈಪುಗಳು ಮೂಲೆ ಬಳಸಿ, ಗೋಡೆ ಹತ್ತಿ ಇಳಿದು ಹೋಗುವುದರಿಂದ ಎಳೆದ ತಂತಿ ಮೂವತ್ತು ಮೀಟರ್ ಆಯಿತು. ಕರೆಂಟು ಹೋಗಿ ವಾಪಸು ಬರಬೇಕಲ್ಲ, ಲೆಕ್ಕಕ್ಕೆ ಅರವತ್ತು ಮೀಟರ್. ಎಲೆಕ್ಟ್ರಿಷಿಯನ್ ಕೈಯಲ್ಲಿದ್ದದ್ದು ಅರ್ಧ ಸ್ಕ್ವೇರ್ ಎಂಎಂ ತಂತಿ. ಅದರ ರೋಧ ಕಿಲೋಮೀಟರಿಗೆ 39 ಓಮ್, ಅರವತ್ತು ಮೀಟರಿಗೆ 2.3 ಓಮ್. ಸ್ಪೀಕರಿನದು 8 ಓಮ್. ಅಂದರೆ ಸ್ಪೀಕರಿಗೆ ಸೇರಬೇಕಾದ ಶಕ್ತಿಯಲ್ಲಿ ನೂರಕ್ಕೆ ಅರವತ್ತು ಪಾಲಷ್ಟೇ ಸೇರುತ್ತದೆ. ಒಂದೂವರೆ ಸ್ಕ್ವೇರ್ ತಂತಿ ಎಳೆದರೆ ರೋಧ 0.8 ಓಮ್‌ಗೆ ಇಳಿದು, ಎಂಬತ್ತಕ್ಕೂ ಹೆಚ್ಚು ಪಾಲು ಸೇರುತ್ತದೆ.

ನಲವತ್ತು ಪಾಲು ನಷ್ಟ ಎಂದರೆ ಗಾಬರಿಯಾಗುತ್ತದೆ, ಕಿವಿಗೆ ಅದು ದೊಡ್ಡ ವಿಷಯವೇ ಅಲ್ಲ. ನಮ್ಮ ಕಿವಿ ಶಕ್ತಿಯನ್ನು ಗುಣಾಕಾರದಲ್ಲಿ ಅಳೆಯುತ್ತದೆ. ಅರ್ಧಕ್ಕರ್ಧ ಕಡಿಮೆಯಾದರೂ ಮೂರೇ ಡೆಸಿಬಲ್, ತಿರುಗಣೆಯನ್ನು ಚೂರು ತಿರುವಿದರೆ ತುಂಬಿಹೋಗುವಷ್ಟು. ನಿಜವಾದ ತೊಂದರೆ ಬೇರೆ ಕಡೆ ಇದೆ. ಸ್ಪೀಕರಿನ 8 ಓಮ್ ಎಂಬುದು ನಾಮಧೇಯಕ್ಕೆ ಮಾತ್ರ. ಒಂದು ಸ್ವರದಲ್ಲಿ ಅದು 6 ಓಮ್, ಕೋನು ತಾನಾಗಿ ಅನುನಾದಿಸುವ ತಗ್ಗು ಸ್ವರದಲ್ಲಿ 30 ಓಮ್ ಮೀರಬಹುದು. ತಂತಿಯ ರೋಧ ಸೇರಿಕೊಂಡಾಗ ಈ ಏರಿಳಿತಗಳೆಲ್ಲ ಶಬ್ದದಲ್ಲೇ ಮೂಡಿ, ಕೆಲವು ಸ್ವರ ಉಬ್ಬುತ್ತವೆ, ಕೆಲವು ತಗ್ಗುತ್ತವೆ. ದಪ್ಪ ತಂತಿ ಬೇಕಾಗುವುದು ಇದಕ್ಕೆ. ದಪ್ಪ ಎಂದೆ, ದುಬಾರಿ ಎನ್ನಲಿಲ್ಲ. ಮೀಟರಿಗೆ ಸಾವಿರಾರು ರೂಪಾಯಿಯ "ಆಡಿಯೋ ಕೇಬಲ್" ಮಾಡುವ ಕೆಲಸವನ್ನು ಮನೆಯ ಲೈಟಿಗೆ ಎಳೆಯುವ ಒಂದೂವರೆ ಸ್ಕ್ವೇರ್ ತಾಮ್ರ ಅಷ್ಟೇ ಚೆನ್ನಾಗಿ ಮಾಡುತ್ತದೆ.

ಇನ್ನೂ ದೂರವಾದರೆ? ಈ ಪ್ರಶ್ನೆಗೆ ಉತ್ತರ ನಮ್ಮದೇ ನೆಲದಲ್ಲಿ 1902ರಲ್ಲಿ ಸಿಕ್ಕಿದೆ. ಶಿವನಸಮುದ್ರದಲ್ಲಿ ಹುಟ್ಟಿಸಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಹೋಗಬೇಕಿತ್ತು. ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಮೇಲೆ ಹೇಳಿದ ಅದೇ ಜನರಲ್ ಎಲೆಕ್ಟ್ರಿಕ್. ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ವೋಲ್ಟೇಜನ್ನು 30 ಸಾವಿರದ ಆಸುಪಾಸಿಗೆ ಏರಿಸಿ ಕರೆಂಟನ್ನು ಇಳಿಸಿ ಕಳಿಸಿದರು. ದೇವಸ್ಥಾನದ ಮೈಕ್‌ಸೆಟ್ಟು, ರೈಲ್ವೆ ಸ್ಟೇಷನ್ನಿನ ಪ್ರಕಟಣೆ ನಡೆಯುವುದೂ ಇದೇ ಸೂತ್ರದಲ್ಲಿ. ಅಹುಜಾ ಆಂಪ್ಲಿಫೈಯರಿನ ಬೆನ್ನು ನೋಡಿದರೆ 100 ವಿ ಎಂದು ಬರೆದ ಒಂದು ತಿರುಪು ಕಾಣುತ್ತದೆ. ನೂರು ವ್ಯಾಟ್ ಶಕ್ತಿಯನ್ನು 4 ಓಮ್ ಸ್ಪೀಕರಿಗೆ ನೇರ ಕೊಟ್ಟರೆ 5 ಆಂಪಿಯರ್ ಹರಿಯಬೇಕು. 100 ವೋಲ್ಟಿನಲ್ಲಿ ಒಂದೇ ಆಂಪಿಯರ್ ಸಾಕು. ಕರೆಂಟು ಐದನೇ ಒಂದಾದಾಗ ತಂತಿಯಲ್ಲಿನ ನಷ್ಟ ಇಪ್ಪತ್ತೈದನೇ ಒಂದಾಗುತ್ತದೆ. ಪ್ರತಿ ಸ್ಪೀಕರಿನ ಬಳಿ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂತು ಮತ್ತೆ ಇಳಿಸಿಕೊಳ್ಳುತ್ತದೆ. ಮೂವತ್ತು ಮೀಟರಿನ ಮನೆಗೆ ಇದರ ಅಗತ್ಯವಿಲ್ಲ. ತೋಟದ ಮನೆ ಇರುವವರು ಯೋಚಿಸಬಹುದು.

ಭಾವನಿಗೆ ಪೋರ್ಟಿಕೋದಲ್ಲೂ ಬಾಲ್ಕನಿಯಲ್ಲೂ ಹಾಡು ಬೇಕೆನಿಸಿತು. "ಹಾಲಿನ ಜೋಡಿಗೇ ಅವನ್ನೂ ಸೇರಿಸಿಬಿಡು" ಎಂದರು. ಸೇರಿಸಬಾರದು ಎನ್ನಲು ಕಾರಣವಿದೆ. ಎರಡು 8 ಓಮ್ ಸ್ಪೀಕರುಗಳನ್ನು ಪಕ್ಕಪಕ್ಕದಲ್ಲಿ, ಅಂದರೆ ಪ್ಯಾರಲಲ್ ಆಗಿ ಕೊಟ್ಟರೆ ಆಂಪ್ಲಿಫೈಯರಿಗೆ ಕಾಣುವುದು 4 ಓಮ್. ನಾಲ್ಕನ್ನು ಕೊಟ್ಟರೆ 2 ಓಮ್. ರೋಧ ಕಡಿಮೆಯಾದಂತೆ ಹರಿಯುವ ಕರೆಂಟು ಏರುತ್ತದೆ, ಔಟ್‌ಪುಟ್ ಟ್ರಾನ್ಸಿಸ್ಟರುಗಳು ಕಾಯುತ್ತವೆ. ಹಬ್ಬದ ದಿನ ನೆಂಟರೆಲ್ಲ ಸೇರಿ ವಾಲ್ಯೂಮ್ ಏರಿಸಿದಾಗಲೇ ಆಂಪ್ಲಿಫೈಯರು ಪಟ್ಟನೆ ಬಾಯಿ ಮುಚ್ಚುವುದು ಹೀಗೆ.

ಗೋಡೆಯ ವಾಲ್ಯೂಮ್ ತಿರುಗಣೆಯಲ್ಲಿ ಇದಕ್ಕೆ ಪರಿಹಾರವಿದೆ, ಅಪಾಯವೂ ಅಲ್ಲೇ ಇದೆ. ಅದರ ಹಿಂದೆ ಅಡಗಿರುವುದು ಒಂದು ಆಟೋ ಟ್ರಾನ್ಸ್‌ಫಾರ್ಮರ್. ಅದರ ಮೈಮೇಲೆ ಕಾಳಿನಷ್ಟು ಚಿಕ್ಕ ಪ್ಲಾಸ್ಟಿಕ್ ಜಂಪರುಗಳಿರುತ್ತವೆ: ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು. ನಾಲ್ಕರಲ್ಲಿಟ್ಟರೆ 8 ಓಮ್ ಸ್ಪೀಕರು ಆಂಪ್ಲಿಫೈಯರಿಗೆ 32 ಓಮ್‌ನಂತೆ ಕಾಣುತ್ತದೆ, ಅದಕ್ಕೆ ಸಿಗುವ ಶಕ್ತಿಯೂ ಕಾಲುಭಾಗವಾಗುತ್ತದೆ. ಎಷ್ಟು ಸ್ಪೀಕರು ಜೊತೆಗೂಡಿವೆ ಎಂದು ಎಣಿಸಿ ಇದನ್ನು ಇಡಬೇಕು. ಹಳೇ ಫ್ಲ್ಯಾಟಿನ ಲೆಕ್ಕಕ್ಕೆ ಇಟ್ಟ ಜಂಪರು ಹೊಸ ಮನೆಯ ಗೋಡೆಯಲ್ಲಿ ಹಾಗೇ ಕೂತರೆ ಒಂದು ಕೋಣೆ ಪಿಸುಗುಟ್ಟುತ್ತದೆ, ಇನ್ನೊಂದು ಕಿರುಚುತ್ತದೆ. ತಿರುಗಣೆಯನ್ನು ಗೋಡೆಗೆ ತಿರುಪು ಹಾಕಿ ಮುಚ್ಚುವ ಮೊದಲು ಒಮ್ಮೆ ಹಿಂದೆ ತಿರುಗಿಸಿ ನೋಡುವುದು ಒಂದು ನಿಮಿಷದ ಕೆಲಸ. ಮಲ್ಟಿಮೀಟರಿನಲ್ಲಿ ಸ್ಪೀಕರನ್ನೂ ಅಳೆದುಬಿಡಿ. 8 ಓಮಿನದು 6ರ ಸುಮಾರು ತೋರಿಸಿದರೆ ಹೆದರಬೇಡಿ, ಮೀಟರು ಅಳೆಯುವುದು ಸುರುಳಿಯ ತಂತಿಯನ್ನಷ್ಟೆ.

"ಸಾರ್, ಇದೇನು ಫೇಸ್ ನ್ಯೂಟ್ರಲ್ಲಾ? ಎರಡು ತಂತಿ, ಹೇಗೆ ಕೊಟ್ರೂ ಹಾಡತ್ತೆ" ಎಂದ ಎಲೆಕ್ಟ್ರಿಷಿಯನ್. ಒಂದೇ ಸ್ಪೀಕರಾದರೆ ಅವನ ಮಾತು ಸತ್ಯ. ಒಂದೇ ಕೋಣೆಯಲ್ಲಿ ಎರಡಿದ್ದು, ಒಂದಕ್ಕೆ ತಂತಿ ಅದಲುಬದಲಾದರೆ ಒಂದರ ಕೋನು ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುತ್ತದೆ. ಒಂದೇ ಜೋಕಾಲಿಯನ್ನು ಒಬ್ಬ ತಳ್ಳುವಾಗ ಇನ್ನೊಬ್ಬ ಎಳೆದು ಹಿಡಿದ ಹಾಗೆ. ಮೇಲಿನ ಸ್ವರಗಳಲ್ಲಿ ಇದು ಅಷ್ಟಾಗಿ ಗೊತ್ತಾಗದು. 100 ಹರ್ಟ್ಸ್‌ನ ತಗ್ಗು ಸ್ವರದ ಅಲೆಯ ಉದ್ದ 3.4 ಮೀಟರ್, ಎರಡು ಸ್ಪೀಕರಿನ ನಡುವಿನ ಅಂತರ ಅದಕ್ಕಿಂತ ಕಡಿಮೆಯಿದ್ದಾಗ ಒಂದರ ಅಲೆ ಇನ್ನೊಂದರದನ್ನು ನುಂಗಿಹಾಕುತ್ತದೆ, ಮೃದಂಗದ ಎಡಗೈ ಮಾಯವಾಗುತ್ತದೆ. ಪತ್ತೆ ಮಾಡಲು ಒಂದೂವರೆ ವೋಲ್ಟಿನ ಪೆನ್ ಸೆಲ್ ಸಾಕು. ಕಪಾಟಿನಲ್ಲಿ ತಂತಿಯ ಎರಡು ತುದಿಗಳನ್ನು ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿದರೆ ಮೇಲೆ ಸ್ಪೀಕರು ಟಪ್ ಎನ್ನುತ್ತದೆ. ಏಣಿಯ ಮೇಲೆ ನಿಂತವನಿಗೆ ಕೋನು ಮುಂದೆ ಬಂತೋ ಹಿಂದೆ ಹೋಯಿತೋ ಕಣ್ಣಿಗೇ ಕಾಣುತ್ತದೆ. ಮುಂದೆ ಬಂದರೆ ಸೆಲ್ಲಿನ ಪ್ಲಸ್ಸಿಗೆ ಮುಟ್ಟಿದ ತಂತಿಯೇ ಪ್ಲಸ್. ಯಾವ ತಂತಿ ಯಾವ ಕೋಣೆಯದು ಎಂಬ ತಲೆನೋವೂ ಇದರಿಂದಲೇ ಬಗೆಹರಿಯುತ್ತದೆ. ಎಲೆಕ್ಟ್ರಿಷಿಯನ್ನಿಗೆ ಈ ಆಟ ಎಷ್ಟು ಹಿಡಿಸಿತೆಂದರೆ ಉಳಿದ ಕೋಣೆಗಳನ್ನು ಅವನೇ ಮುಗಿಸಿದ.

ಗುಂಯ್ ಎನ್ನುವ ಸದ್ದಿನ ಬಗ್ಗೆ ಎರಡು ಮಾತು ಸಾಕು. ಅದು ನಮ್ಮ ಮನೆಯ 50 ಹರ್ಟ್ಸ್ ವಿದ್ಯುತ್ತು. ಸ್ಪೀಕರ್ ತಂತಿಗಿಂತ ಆರ್‌ಸಿಎ ತಂತಿಗೆ ಅದರ ಕಾಟ ಹೆಚ್ಚು. ಅದನ್ನು ಚಿಕ್ಕದಾಗಿಡಿ, ಕರೆಂಟಿನ ಪೈಪಿನೊಳಗೆ ತೂರಿಸಬೇಡಿ. ಸದ್ದು ನಿಲ್ಲಿಸಲು ಅರ್ಥಿಂಗ್ ಪಿನ್ನನ್ನೇ ಕತ್ತರಿಸುವ ಮಹಾನುಭಾವರಿದ್ದಾರೆ. ಗುಂಯ್ ನಿಲ್ಲುತ್ತದೆ, ಒಂದು ದಿನ ಮುಟ್ಟಿದವರ ಉಸಿರೂ ನಿಲ್ಲಬಹುದು.

ಗೃಹಪ್ರವೇಶದ ದಿನ ವ್ಯವಸ್ಥೆ ಸೊಗಸಾಗಿ ಹಾಡಿತು. ಬಂದವರೆಲ್ಲ ತಲೆದೂಗಿದರು. ವಾರ ಕಳೆದ ಮೇಲೆ ಅಕ್ಕ ಫೋನು ಮಾಡಿದಳು: "ಅದೇ ಸ್ಪೀಕರು, ಅದೇ ಹಾಡು ಕಣೋ. ಇಲ್ಲಿ ಯಾಕೋ ಕಿವಿಗೆ ಚುಚ್ಚತ್ತೆ. ಸಾಹಿತ್ಯವೇ ತಿಳಿಯಲ್ಲ." ಅಲ್ಲಿ ಬದಲಾಗಿದ್ದದ್ದು ಒಂದೇ: ನೆಂಟರು ಹೊರಟುಹೋಗಿದ್ದರು.

ಕೋಣೆಯಲ್ಲಿ ಶಬ್ದ ಎಷ್ಟು ಹೊತ್ತು ಸುಳಿದಾಡುತ್ತದೆ ಎಂಬುದಕ್ಕೆ ಲೆಕ್ಕ ಹಾಕಿಕೊಟ್ಟವನು ವ್ಯಾಲೇಸ್ ಸೇಬಿನ್. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಸಂಗ್ರಹಾಲಯದಲ್ಲಿ 1895ರಲ್ಲಿ ತೆರೆದ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಆಡಿದ ಒಂದು ಶಬ್ದ ಐದೂವರೆ ಸೆಕೆಂಡಿಗೂ ಹೆಚ್ಚು ಕಾಲ ಗೋಡೆಯಿಂದ ಗೋಡೆಗೆ ಹೊಡೆದಾಡುತ್ತಿತ್ತು. ಏನಾದರೂ ಮಾಡಪ್ಪ ಎಂದು ಯುವ ಅಧ್ಯಾಪಕ ಸೇಬಿನ್‌ಗೆ ಒಪ್ಪಿಸಿದರು. ಆತ ಊರು ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಕೊಠಡಿಯಲ್ಲಿ ಹರಡಿ, ಆರ್ಗನ್ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿ, ದನಿ ಎಷ್ಟು ಹೊತ್ತಿಗೆ ಅಡಗುತ್ತದೆ ಎಂದು ಕಿವಿಯಿಂದಲೇ ಅಳೆಯುತ್ತಿದ್ದ. ಬೆಳಗಾಗುವುದರೊಳಗೆ ಮೆತ್ತೆಗಳು ಸ್ವಸ್ಥಾನ ಸೇರಬೇಕು. ಹೀಗೆ ಸಿಕ್ಕಿದ ಸೂತ್ರ ಬಲು ಸರಳ: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಕೋಣೆಯಲ್ಲಿ ಶಬ್ದ ಹೀರುವ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ಸಿಗುತ್ತದೆ.

ಅಕ್ಕನ ಹಾಲು 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರ, ಘನಗಾತ್ರ 90. ನೆಲಕ್ಕೆ ಗ್ರಾನೈಟು, ಗೋಡೆಗೆ ನುಣ್ಣನೆ ಪುಟ್ಟಿ, ಪರದೆ ಇನ್ನೂ ಬಂದಿಲ್ಲ. ಗ್ರಾನೈಟು ತನ್ನ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಹೀರುತ್ತದೆ. ಕಿಟಕಿ ಬಾಗಿಲು ಎಲ್ಲ ಸೇರಿಸಿ ಉದಾರವಾಗಿ ಹಿಡಿದರೂ ಹೀರುವ ವಿಸ್ತೀರ್ಣ ಸುಮಾರು 6 ಚದರ ಮೀಟರ್, ಅನುರಣನ 2.4 ಸೆಕೆಂಡ್. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಅರ್ಧ ಚದರ ಮೀಟರಿನಷ್ಟು ಶಬ್ದ ಹೀರುತ್ತಾನೆ, ರೇಷ್ಮೆ ಸೀರೆ ಉಟ್ಟ ಹೆಂಗಸರು ಬಹುಶಃ ಇನ್ನೊಂದಿಷ್ಟು ಹೆಚ್ಚು. ನಲವತ್ತು ಮಂದಿ ಸೇರಿದರೆ 20 ಚದರ ಮೀಟರ್. ಅನುರಣನ ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ, ಸಾಹಿತ್ಯ ಸ್ಪಷ್ಟವಾಗುತ್ತದೆ. ಗೃಹಪ್ರವೇಶದಂದು ಹಾಡನ್ನು ಚೆಂದಗಾಣಿಸಿದ್ದು ನೆಂಟರ ಮೈ. ಅವರನ್ನು ಕೂಡಿಹಾಕಲಾಗದು. ದಪ್ಪ ಪರದೆ, ಒಂದು ಜಮಖಾನ, ಬಟ್ಟೆಯ ಹೊದಿಕೆಯ ಸೋಫಾ, ಒಂದು ಗೋಡೆಗೆ ಪುಸ್ತಕದ ಕಪಾಟು ಬಂದ ಮೇಲೆ ದೂರು ನಿಂತಿತು. ಹೊಸ ಆಂಪ್ಲಿಫೈಯರಿಗೆ ಇಡುವ ದುಡ್ಡಿನಲ್ಲಿ ಹತ್ತನೇ ಒಂದು ಪಾಲು ಪರದೆಗೆ ಹಾಕಿದರೆ ಹೆಚ್ಚು ಫಲ ಎಂದು ಅಂಗಡಿಯವರು ಯಾಕೆ ಹೇಳುವುದಿಲ್ಲ ಎಂದು ನಾನೇನೂ ಆಶ್ಚರ್ಯಪಡುವುದಿಲ್ಲ.

ಪರದೆಗೂ ಬಗ್ಗದ ಒಂದು ತಂಟೆ ಉಳಿಯಿತು. ಗೋಡೆಗೆ ಒತ್ತಿದ ಸೋಫಾದಲ್ಲಿ ಕೂತರೆ ಒಂದು ತಗ್ಗು ಸ್ವರ ಮಾತ್ರ ಹೊಟ್ಟೆಯಲ್ಲಿ ಗುದ್ದುತ್ತಿತ್ತು. ಎದುರುಬದುರು ಗೋಡೆಗಳ ನಡುವೆ ಅಲೆಯೊಂದು ಸರಿಯಾಗಿ ಕೂರುವ ಕಂಪನಾಂಕಗಳಲ್ಲಿ ಕೋಣೆಯೇ ಅನುನಾದಿಸುತ್ತದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ 6 ಮೀಟರ್ ಉದ್ದಕ್ಕೆ ಅದು 28.6 ಹರ್ಟ್ಸ್, ಅದರ ಎರಡರಷ್ಟು 57. ಮೂರು ಮೀಟರ್ ಎತ್ತರಕ್ಕೂ 57! ಉದ್ದ ಎತ್ತರದ ಸರಿಯಾಗಿ ಎರಡರಷ್ಟಿರುವುದರಿಂದ ಎರಡು ಅನುನಾದ ಒಂದರ ಮೇಲೊಂದು ಕೂತಿವೆ. ವಾಸ್ತುವಿಗೆ ಅಳತೆ ನೋಡಿಸುವವರು ಇದನ್ನು ಯಾರಿಗೂ ತೋರಿಸುವುದಿಲ್ಲ. ಗೋಡೆ ಸರಿಸಲಾಗದು, ಸೋಫಾ ಸರಿಸಬಹುದು: ಉದ್ದದ ಕಾಲುಭಾಗದಲ್ಲಿ, ಅಂದರೆ ಗೋಡೆಯಿಂದ ಒಂದೂವರೆ ಮೀಟರ್ ಮುಂದೆ, ಉದ್ದದ ಕಡೆಯ ಆ 57ರ ಅಲೆ ಸುಮ್ಮನಿರುತ್ತದೆ. ಅಕ್ಕ ಒಂದು ಮೀಟರಿಗೆ ಒಪ್ಪಿದಳು.

ಕೊನೆಗೆ ಉಳಿದದ್ದು ಕಾಲದ ಲೆಕ್ಕ. ತಾಮ್ರದ ತಂತಿಯಲ್ಲಿ ಸಂಕೇತ ಬೆಳಕಿನ ಆಜುಬಾಜು ವೇಗದಲ್ಲಿ ಓಡುವುದರಿಂದ ಎಲ್ಲ ಕೋಣೆಗೂ ಹಾಡು ಒಂದೇ ಗಳಿಗೆಗೆ ತಲುಪುತ್ತಿತ್ತು; ಹಳೇ ವ್ಯವಸ್ಥೆಯಲ್ಲಿ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. ಆದರೆ ಮಹಡಿಯ ಹಿಂಬದಿಯ ಕೋಣೆಗೆ ಪೈಪೇ ಹಾಕಿರಲಿಲ್ಲ. ಮೋಲ್ಡ್ ಆದ ಮೇಲೆ ಯಾರು ಒಡೆಯುತ್ತಾರೆ? ಅಲ್ಲಿಗೆ ಇನ್ನೊಂದು ರಾಸ್ಪ್‌ಬೆರಿ ಪೈ, ವೈಫೈ ಮೂಲಕ. ಪ್ರತಿ ಪೆಟ್ಟಿಗೆಯೂ ಹಾಡಿನ ಮಾದರಿಗಳನ್ನು ಸೆಕೆಂಡಿಗೆ 44,100ರಂತೆ ತನ್ನದೇ ಸ್ಫಟಿಕ ಗಡಿಯಾರ ನೋಡಿಕೊಂಡು ನುಡಿಸುತ್ತದೆ. ಹತ್ತು ಲಕ್ಷಕ್ಕೆ ಐವತ್ತು ಪಾಲು ಹೆಚ್ಚುಕಡಿಮೆ ಎನ್ನುವುದು ಅಗ್ಗದ ಸ್ಫಟಿಕಕ್ಕೆ ಸಾಮಾನ್ಯ. ಎರಡು ಗಡಿಯಾರಗಳ ನಡುವೆ ಅಷ್ಟು ವ್ಯತ್ಯಾಸವಿದ್ದರೂ ನಿಮಿಷಕ್ಕೆ 3 ಮಿಲಿಸೆಕೆಂಡ್ ಅಂತರ ಬೀಳುತ್ತದೆ, ಗಂಟೆಗೆ 180. ಒಂದು ಕಛೇರಿ ಮುಗಿಯುವ ಹೊತ್ತಿಗೆ ಕೆಳಗಿನ ಗಾಯಕ ತಾಳ ಮುಗಿಸಿದ ಮೇಲೆ ಮೇಲಿನವನು ಮುಗಿಸುತ್ತಾನೆ. ಈ ಪೆಟ್ಟಿಗೆಗಳಿಗೆ ಹಾಡು ಕಳಿಸುವ ಸರ್ವರ್ ಇದನ್ನು ಗಮನಿಸುತ್ತಾ, ಮುಂದೆ ಓಡಿದ ಪೆಟ್ಟಿಗೆಯನ್ನು ಆಗಾಗ ಎಳ್ಳಷ್ಟು ತಡೆದು ಜೋಡಿಸುತ್ತಿರುತ್ತದೆ.

ಹಾಗಾದರೆ ಎಷ್ಟು ಕರಾರುವಾಕ್ಕಾಗಿರಬೇಕು? ಗಾಳಿಯಲ್ಲಿ ಶಬ್ದಕ್ಕೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಒಂದು ಸ್ಪೀಕರಿಗೆ ಒಂದು ಮೀಟರ್, ಇನ್ನೊಂದಕ್ಕೆ ಹತ್ತು ಮೀಟರ್ ದೂರದಲ್ಲಿ ನಿಂತರೆ ಪೆಟ್ಟಿಗೆಗಳು ಎಷ್ಟೇ ನಿಖರವಾಗಿದ್ದರೂ ಮನೆಯೇ 26 ಮಿಲಿಸೆಕೆಂಡ್ ಸೇರಿಸಿರುತ್ತದೆ. ನಮಗದು ಗೊತ್ತಾಗುವುದಿಲ್ಲ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಗಟಿಂಗೆನ್‌ನಲ್ಲಿ ಬರೆದ ಪ್ರಬಂಧ ಇದನ್ನೇ ಕುರಿತದ್ದು: ಒಂದೇ ಮಾತು ಎರಡು ಕಡೆಯಿಂದ ಮೂವತ್ತು ಮಿಲಿಸೆಕೆಂಡಿನ ಒಳಗೆ ಬಂದರೆ ಮಿದುಳು ಅವೆರಡನ್ನೂ ಬೆಸೆದು ಒಂದೇ ಎಂದು ಕೇಳುತ್ತದೆ, ಮೊದಲು ಬಂದ ದಿಕ್ಕಿನಿಂದಲೇ ಬಂತೆಂದು ನಂಬುತ್ತದೆ. ಅಂತರ ಇನ್ನೂ ಬೆಳೆದರೆ ಮಾರ್ದನಿ ಕೇಳಿಸತೊಡಗುತ್ತದೆ. ಬ್ಲೂಟೂತ್ ಸ್ಪೀಕರನ್ನು ಹಳೇ ವ್ಯವಸ್ಥೆಯ ಜೊತೆ ನುಡಿಸಲಾಗದ್ದು ಇದಕ್ಕೇ. ಅದು ನೂರಾರು ಮಿಲಿಸೆಕೆಂಡ್ ಹಿಂದಿರುತ್ತದೆ.

ಪರೀಕ್ಷೆಗೆ ತನಿ ಆವರ್ತನಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಮೆಟ್ಟಿಲ ನಡುವಿನ ಕಟ್ಟೆಯ ಮೇಲೆ, ಹಾಲಿನ ದನಿಯೂ ಮಹಡಿಯ ದನಿಯೂ ಕೇಳುವಲ್ಲಿ ಭಾವ ನಿಂತರು. ನಾನು ಫೋನಿನಲ್ಲಿ ಮೇಲಿನ ಪೆಟ್ಟಿಗೆಯ ವಿಳಂಬವನ್ನು ತಿದ್ದುತ್ತಾ ಹೋದೆ. ಮೊದಲು ಮೃದಂಗದ ಪ್ರತಿ ಪೆಟ್ಟೂ ಎರಡಾಗಿ ಕೇಳುತ್ತಿತ್ತು, ಚಾಪು ಚಪ್ಪಾಳೆಯಂತೆ ಒಡೆದಿತ್ತು. ತಿದ್ದುತ್ತಾ ತಿದ್ದುತ್ತಾ ಎರಡೂ ಕೂಡಿಕೊಂಡವು. ಆಮೇಲೆ ಬೇಕೆಂದೇ ಮೇಲಿನದಕ್ಕೆ ಇನ್ನೂ 20 ಮಿಲಿಸೆಕೆಂಡ್ ತಡ ಕೊಟ್ಟೆ. "ಮೇಲಿನ ಸ್ಪೀಕರ್ ಯಾಕೆ ಆಫ್ ಮಾಡಿದೆ?" ಎಂದು ಭಾವ ಕೇಳಿದರು. ಅದು ಹಾಡುತ್ತಲೇ ಇತ್ತು.